ಈ ಡಿಫೆನ್ಸ್‌ಮನ್ ನಿಜವಾಗ್ಲೂ ಒಳ್ಳೆಯವನಾ? ಐಸ್ ಹಾಕಿ ಅಡ್ವಾನ್ಸ್ಡ್ ಸ್ಟ್ಯಾಟ್ಸ್ ನೋಡೋದು ಹೇಗೆ, ಹಂತ ಹಂತವಾಗಿ

ಫಾರ್ವರ್ಡ್ ಬಗ್ಗೆ ಯಾರೂ ಇಷ್ಟು ತಲೆ ಕೆಡಿಸ್ಕೊಳ್ಳಲ್ಲ, ಗೋಲ್ ಹೊಡೆದ್ನಾ ಪಾಸ್ ಕೊಟ್ನಾ ಅಂತ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಡಿಫೆನ್ಸ್‌ಮನ್ ವಿಷಯಕ್ಕೆ ಬಂದ್ರೆ ಮಾತ್ರ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ: "ಇವನ ಪ್ಲಸ್ ಮೈನಸ್ ಇಷ್ಟಿದೆ, ಇವನು ಒಳ್ಳೆಯವನಾ ಕೆಟ್ಟವನಾ?" ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಹಾಕ್ತಿದೀನಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಮುಂದೆ ಬರೋದೆಲ್ಲಾ ಇದರ ಮೇಲೇ ನಿಂತಿದೆ. ಡಿಫೆನ್ಸ್‌ಮನ್ ಕೆಲಸದ ಬಹುಪಾಲು ಶಾಟ್ ಬೀಳೋಕೆ ಮುಂಚೆನೇ ಮುಗಿದಿರುತ್ತೆ. ಎದುರಾಳಿನ ಬ್ಲೂ ಲೈನ್ (ನಮ್ಮ ಝೋನ್ ಶುರುವಾಗೋ ಗೆರೆ) ಹತ್ರನೇ ತಡೆದ್ನಾ, ಪಕ್ (ಆಟದ ರಬ್ಬರ್ ಬಿಲ್ಲೆ) ಎತ್ಕೊಂಡು ನೀಟಾಗಿ ಹೊರಗೆ ತಂದ್ನಾ, ಹೊಡೆಯೋಕೆ ಬಿಟ್ರೂ ದೂರದಿಂದ ಹೊಡೆಯೋ ಹಾಗೆ ಮಾಡಿದ್ನಾ. ಶಾಟ್ ಬಿದ್ದ ಮೇಲೆ ಅದು ಗೋಲಿಯ, ಅಂದ್ರೆ ಗೋಲ್‌ಕೀಪರ್ ಸಮಸ್ಯೆ. ಆದ್ರೆ ನಾವು ಹಳೇ ಕಾಲದಿಂದ ಅಳೀತಾ ಬಂದಿರೋದು ಬರೀ ಶಾಟ್ ಬಿದ್ದ ಮೇಲೆ ಆದದ್ದನ್ನ.

ಏನೇನು ಬೇಕು

ದೊಡ್ಡ ಸಾಮಾನೇನೂ ಬೇಡ. ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ಅನ್ನೋ ಸೈಟ್ ಒಂದು ಸಾಕು ಶುರು ಮಾಡೋಕೆ, ಫ್ರೀ, ಎನ್‌ಎಚ್‌ಎಲ್‌ನ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) 2007-08 ಸೀಸನ್‌ನಿಂದ ಈಚಿನ ಡೇಟಾ ಎಲ್ಲಾ ಇದೆ. ಮನಿಪಕ್ ಕೂಡ ಫ್ರೀ, ಅಲ್ಲಿ ಚಾರ್ಟು ಚೆನ್ನಾಗಿರುತ್ತೆ. ಎವಾಲ್ವಿಂಗ್ ಹಾಕಿ ಮತ್ತೆ ಹಾಕಿವಿಜ್ ಅನ್ನೋವು ಸ್ವಲ್ಪ ಮುಂದಿನ ಮೆಟ್ಟಿಲು, 8ನೇ ಹಂತಕ್ಕೆ ಬಂದಾಗ ಬೇಕಾಗುತ್ತೆ. ಲೆಕ್ಕ ಬರ್ಕೊಳ್ಳೋಕೆ ಒಂದು ಸ್ಪ್ರೆಡ್‌ಶೀಟ್, ಮತ್ತೆ ಎರಡು ಮೂರು ಪೂರ್ತಿ ಮ್ಯಾಚ್ ನೋಡೋಷ್ಟು ತಾಳ್ಮೆ. ಈ ಕೊನೇದನ್ನ ಸ್ಕಿಪ್ ಮಾಡೋರೇ ಜಾಸ್ತಿ.

1. ಹಳೇ ನಂಬರ್‌ಗಳನ್ನ ಪಕ್ಕಕ್ಕಿಡಿ

ಪ್ಲಸ್ ಮೈನಸ್ ಅಂದ್ರೆ, ಆಟಗಾರ ಐಸ್ ಮೇಲಿದ್ದಾಗ ತನ್ನ ಟೀಮ್ ಗೋಲ್ ಹೊಡೆದ್ರೆ ಒಂದು ಪ್ಲಸ್, ತಿಂದ್ರೆ ಒಂದು ಮೈನಸ್. ಕೇಳೋಕೆ ನ್ಯಾಯವಾಗೇ ಇದೆ. ಬಾಬಿ ಓರ್ 1970-71ರಲ್ಲಿ +124 ಮಾಡಿದ್ದು ಇವತ್ತಿಗೂ ಒಂದು ಸೀಸನ್‌ನ ರೆಕಾರ್ಡ್, ಓರ್ ಮಹಾನ್ ಆಟಗಾರ ಅನ್ನೋದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಲೆಕ್ಕದ ಒಳಗೆ ಹೋಗಿ ನೋಡಿ. ಪವರ್ ಪ್ಲೇಲಿ ಅಂದ್ರೆ ಎದುರಾಳಿ ಒಬ್ಬ ಪೆನಾಲ್ಟಿಗೆ ಹೋಗಿ ನಿಮ್ಮ ಕಡೆ ಒಬ್ಬ ಜಾಸ್ತಿ ಇದ್ದಾಗ ಹೊಡೆದ ಗೋಲಿಗೆ ಪ್ಲಸ್ ಇಲ್ಲ, ಅದೇ ಟೈಮಲ್ಲಿ ಉಲ್ಟಾ ಗೋಲ್ ತಿಂದ್ರೆ ಮೈನಸ್ ಮಾತ್ರ ಇದೆ. ಸೋಲ್ತಿರೋ ಟೀಮ್ ಕೊನೇ ನಿಮಿಷಗಳಲ್ಲಿ ತನ್ನ ಗೋಲಿಯನ್ನ ಹೊರಗೆ ಕರೆಸಿ ಆರನೇ ಆಟಗಾರನ್ನ ಇಳಿಸಿದಾಗ ಖಾಲಿ ನೆಟ್‌ಗೆ ಬಿದ್ದ ಗೋಲೂ ಮೈನಸ್ಸೇ. ಆ ಹೊತ್ತಲ್ಲಿ ಐಸ್ ಮೇಲೆ ಯಾರಿರ್ತಾರೆ? ಟೀಮಿನ ಬೆಸ್ಟ್ ಡಿಫೆನ್ಸ್‌ಮನ್.

ಎರಿಕ್ ಕಾರ್ಲ್‌ಸನ್ ಕಥೆ ತಗೊಳ್ಳಿ. 2022-23ರಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ಪರ 82 ಮ್ಯಾಚಲ್ಲಿ 101 ಪಾಯಿಂಟ್ (ಹೊಡೆದ ಗೋಲು ಮತ್ತೆ ಗೋಲ್‌ಗೆ ಪಾಸ್ ಕೊಟ್ಟ ಅಸಿಸ್ಟು ಸೇರಿ), 1991-92ರಲ್ಲಿ ಬ್ರಯಾನ್ ಲೀಚ್ ನೂರು ದಾಟಿದ ಮೇಲೆ ಯಾವ ಡಿಫೆನ್ಸ್‌ಮನ್ನೂ ಅಲ್ಲಿಗೆ ಮುಟ್ಟಿರ್ಲಿಲ್ಲ. ಪ್ಲಸ್ ಮೈನಸ್ ಎಷ್ಟು ಗೊತ್ತಾ? ಮೈನಸ್ 26. ಆ ಟೀಮ್ ಇಡೀ ಸೀಸನ್‌ನಲ್ಲಿ ಗೆದ್ದಿದ್ದೇ 22 ಮ್ಯಾಚು. ಬೆಸ್ಟ್ ಡಿಫೆನ್ಸ್‌ಮನ್‌ಗೆ ಕೊಡೋ ನಾರಿಸ್ ಟ್ರೋಫಿ ಆ ವರ್ಷ ಅವನಿಗೇ ಹೋಯ್ತು, ಅವನ ಮೂರನೇದು. ಒಂದು ನಂಬರ್ ಅವನನ್ನ ಆಕಾಶಕ್ಕೆ ಏರಿಸುತ್ತೆ, ಇನ್ನೊಂದು ಪಾತಾಳಕ್ಕೆ ಇಳಿಸುತ್ತೆ. ಎರಡನ್ನೂ ಹಾಗೇ ನಂಬೋಕಾಗಲ್ಲ.

ಹಿಟ್ಸ್ (ಪಕ್ ಇರೋನಿಗೆ ಮೈಯಿಂದ ಗುದ್ದೋದು) ಮತ್ತೆ ಬ್ಲಾಕ್ಡ್ ಶಾಟ್ಸ್ (ಶಾಟ್‌ಗೆ ಅಡ್ಡ ನಿಂತು ತಡೆಯೋದು) ಬಗ್ಗೆ ಒಂದೇ ಮಾತು: ಎರಡೂ ಪಕ್ ನಿಮ್ಮ ಹತ್ರ ಇಲ್ಲದಾಗ ಮಾತ್ರ ಮಾಡೋಕಾಗೋ ಕೆಲಸ. ಬ್ಲಾಕ್ ಲಿಸ್ಟಲ್ಲಿ ಟಾಪಲ್ಲಿರೋನು ಧೈರ್ಯವಂತ ಹೌದು, ಆದ್ರೆ ಅಷ್ಟೊಂದು ಶಾಟ್ ಅವನ ಮುಂದೆ ಯಾಕೆ ಬರ್ತಿವೆ ಅಂತನೂ ಕೇಳ್ಬೇಕಲ್ವಾ. ಸಾಲದ್ದಕ್ಕೆ ಹಿಟ್ಸ್, ಗಿವ್‌ಅವೇ (ಪಕ್‌ನ ಎದುರಾಳಿಗೆ ಬಿಟ್ಟುಕೊಡೋದು) ಇವೆಲ್ಲಾ ಆಯಾ ಸ್ಟೇಡಿಯಂನಲ್ಲಿ ಕೂತು ಬರ್ಕೊಳ್ಳೋರ ಕಣ್ಣಳತೆ, ಒಬ್ಬರ ಹಿಟ್ ಇನ್ನೊಬ್ಬರಿಗೆ ಬರೀ ತಳ್ಳಾಟ.

2. ಫಿಲ್ಟರ್ ಸರಿಯಾಗಿ ಹಾಕಿ

ಸೈಟ್ ಓಪನ್ ಮಾಡಿದ ತಕ್ಷಣ ಸಿಚುಯೇಷನ್ ಅನ್ನೋ ಕಡೆ 5 ವರ್ಸಸ್ 5 ಹಾಕಿ. ಮ್ಯಾಚಿನ ಬಹುಪಾಲು ಹೊತ್ತು ನಡೆಯೋದು ಹೀಗೇ, ಎರಡೂ ಕಡೆ ಐದೈದು ಜನ ಪ್ಲಸ್ ಗೋಲಿ. ಪವರ್ ಪ್ಲೇನೂ ಇದೂ ಕಲಸಿದ್ರೆ ಯಾವ ನಂಬರಿಗೂ ಅರ್ಥ ಇರಲ್ಲ.

ಅಲ್ಲೇ ಸ್ಕೋರ್ ಅಂಡ್ ವೆನ್ಯೂ ಅಡ್ಜಸ್ಟೆಡ್ ಅಂತ ಒಂದು ಆಪ್ಷನ್ ಇದೆ, ಅದನ್ನ ಆರಿಸ್ಕೊಳ್ಳಿ. ಯಾಕಂದ್ರೆ ಎರಡು ಗೋಲ್ ಮುಂದಿರೋ ಟೀಮು ಹಿಂದೆ ಸರಿದು ಕಾಯೋಕೆ ಶುರು ಮಾಡುತ್ತೆ, ಹಿಂದಿರೋ ಟೀಮು ಸಿಕ್ಕ ಸಿಕ್ಕ ಕಡೆಯಿಂದ ಹೊಡೆಯುತ್ತೆ. ಹಂಗಾಗಿ ಯಾವಾಗ್ಲೂ ಗೆಲ್ಲೋ ಟೀಮಿನ ಡಿಫೆನ್ಸ್‌ಮನ್ ನಂಬರು ಇರೋದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಅಡ್ಜಸ್ಟ್ ಮಾಡಿದ್ರೆ ಅದು ಸ್ವಲ್ಪ ಸರಿಹೋಗುತ್ತೆ.

ಮೂರನೇದು ನಿಮಿಷ. ಹತ್ತು ಹನ್ನೆರಡು ಮ್ಯಾಚ್ ನೋಡಿ ತೀರ್ಪು ಕೊಡ್ಬೇಡಿ, ನಾನು ಕೊಟ್ಟು ನಗೆಪಾಟಲಾಗಿದ್ದೀನಿ. ಶಾಟ್ ಸಂಬಂಧಪಟ್ಟ ನಂಬರ್‌ಗೆ ಕನಿಷ್ಠ ಅರ್ಧ ಸೀಸನ್, ಅಂದ್ರೆ ಸುಮಾರು 600-700 ನಿಮಿಷ ಬೇಕು. ಗೋಲ್ ಸಂಬಂಧಪಟ್ಟಿದ್ದಕ್ಕೆ ಒಂದು ಪೂರ್ತಿ ಸೀಸನ್ ಕೂಡ ಸಾಲಲ್ಲ. ಮಿನಿಮಮ್ ಟೈಮ್ ಆನ್ ಐಸ್ ಅನ್ನೋ ಬಾಕ್ಸಲ್ಲಿ ಈ ಸಂಖ್ಯೆ ಹಾಕಿದ್ರೆ ಎಂಟು ಮ್ಯಾಚ್ ಆಡಿ ಲಿಸ್ಟಿನ ತುದಿಗೆ ಬಂದು ಕೂತಿರೋ ಹುಡುಗರೆಲ್ಲಾ ಮಾಯ ಆಗ್ತಾರೆ.

3. ಕೋರ್ಸಿ ನೋಡಿ, ಆದ್ರೆ ಅಲ್ಲೇ ನಿಲ್ಬೇಡಿ

ಕೋರ್ಸಿ ಅಂದ್ರೆ ಒಟ್ಟು ಶಾಟ್ ಪ್ರಯತ್ನಗಳು. ಗೋಲಿ ಹತ್ರ ಹೋದದ್ದು, ಪಕ್ಕಕ್ಕೆ ಹೋದದ್ದು, ಮಧ್ಯೆ ಬ್ಲಾಕ್ ಆದದ್ದು ಎಲ್ಲಾ ಸೇರಿ. ಜಿಮ್ ಕೋರ್ಸಿ ಅನ್ನೋರು ಬಫಲೋ ಸೇಬರ್ಸ್‌ನ ಗೋಲಿ ಕೋಚ್ ಆಗಿದ್ರು, ಹೆಸರು ಅವರದ್ದು. ಈ ಹೆಸರಿಟ್ಟ ಟಿಮ್ ಬಾರ್ನ್ಸ್ ಹೇಳಿರೋ ಪ್ರಕಾರ ಕಾರಣ ಕೋರ್ಸಿ ಅವರ ಮೀಸೆ ಇಷ್ಟ ಆಯ್ತು ಅನ್ನೋದು. ಬ್ಲಾಕ್ ಆದದ್ದನ್ನ ಬಿಟ್ಟು ಎಣಿಸಿದ್ರೆ ಅದು ಫೆನ್ವಿಕ್. ಎನ್‌ಎಚ್‌ಎಲ್‌ನ ಸ್ವಂತ ಸೈಟಲ್ಲಿ ಇವೆರಡಕ್ಕೂ ಬೇರೆ ಹೆಸರು, ಎಸ್‌ಎಟಿ ಮತ್ತೆ ಯುಎಸ್‌ಎಟಿ, ಗಾಬರಿ ಆಗ್ಬೇಡಿ, ವಸ್ತು ಒಂದೇ.

ನಮಗೆ ಬೇಕಾಗಿರೋದು ಪಾಲು. ಆಟಗಾರ ಐಸ್ ಮೇಲಿದ್ದಾಗ ಎರಡೂ ಕಡೆಯಿಂದ ಆದ ಒಟ್ಟು ಪ್ರಯತ್ನದಲ್ಲಿ ಅವನ ಟೀಮಿನದ್ದು ಶೇಕಡ ಎಷ್ಟು ಅಂತ. 50 ಅಂದ್ರೆ ಸಮ, 55 ಅಂದ್ರೆ ಆಟ ಅವರ ಕೈಲಿದೆ, 45 ಅಂದ್ರೆ ಇಡೀ ಹೊತ್ತು ತಮ್ಮ ನೆಟ್ ಮುಂದೇನೇ ಒದ್ದಾಡ್ತಿದ್ದಾರೆ.

ಗೋಲ್ ಬಿಟ್ಟು ಇದನ್ಯಾಕೆ ಎಣಿಸ್ಬೇಕು? ಗೋಲ್ ತೀರಾ ಅಪರೂಪ. ಒಬ್ಬ ಆಟಗಾರ ಐಸ್ ಮೇಲಿದ್ದಾಗ ಇಡೀ ಸೀಸನ್‌ಗೆ ಐವತ್ತೋ ಅರವತ್ತೋ ಗೋಲ್ ಬೀಳುತ್ತೆ, ಶಾಟ್ ಪ್ರಯತ್ನ ಆದ್ರೆ ಸಾವಿರ ದಾಟುತ್ತೆ. ಎಣಿಸೋಕೆ ಜಾಸ್ತಿ ಇದ್ದಷ್ಟೂ ಅದೃಷ್ಟದ ಆಟ ಕಮ್ಮಿ.

4. ಪಾಲನ್ನ ಒಡೆದು ನೋಡಿ

ಇದು ನನ್ನ ಪ್ರಕಾರ ಅತಿ ಮುಖ್ಯವಾದ ಹಂತ, ಮತ್ತೆ ಜನ ಅತಿ ಹೆಚ್ಚು ಎಡವೋ ಜಾಗನೂ ಇದೇ. ಲೆಕ್ಕ ಮಾಡೇ ತೋರಿಸ್ತೀನಿ, ಸಂಖ್ಯೆಗಳು ಉದಾಹರಣೆಗೆ ನಾನೇ ಮಾಡ್ಕೊಂಡಿರೋವು, ಯಾವ ನಿಜ ಆಟಗಾರನದ್ದೂ ಅಲ್ಲ.

ಒಬ್ಬ ಡಿಫೆನ್ಸ್‌ಮನ್ 5 ವರ್ಸಸ್ 5ರಲ್ಲಿ 1300 ನಿಮಿಷ ಆಡಿದ್ದಾನೆ. ಅವನು ಐಸ್ ಮೇಲಿದ್ದಾಗ ಅವನ ಟೀಮು 1150 ಪ್ರಯತ್ನ ಮಾಡಿದೆ, ಎದುರಾಳಿ 1250. ಒಟ್ಟು 2400, ಅದರಲ್ಲಿ 1150 ಅಂದ್ರೆ ಶೇ. 47.9. ಐವತ್ತಕ್ಕಿಂತ ಕಮ್ಮಿ, ಕಳಪೆ ಅಂತ ಬರೆದುಬಿಡ್ತೀರಾ? ತಡೀರಿ. ಅವನು ಬೆಂಚಲ್ಲಿ ಕೂತಿದ್ದ ಸುಮಾರು 2640 ನಿಮಿಷದಲ್ಲಿ ಟೀಮು ಮಾಡಿದ್ದು 1980, ತಿಂದಿದ್ದು 2420. ಅದು ಶೇ. 45. ಅಂದ್ರೆ ಇವನು ಇಳಿದ್ರೆ ಟೀಮು ಸುಮಾರು ಮೂರು ಪಾಯಿಂಟ್ ಮೇಲೇಳುತ್ತೆ. ಇದಕ್ಕೇ ರಿಲೇಟಿವ್ ಕೋರ್ಸಿ ಅನ್ನೋದು, ಅವನಿದ್ದಾಗ ಮತ್ತು ಇಲ್ಲದಾಗಿನ ವ್ಯತ್ಯಾಸ. ಸೋಲೋ ಟೀಮಲ್ಲಿ ಸಿಕ್ಕಿಹಾಕ್ಕೊಂಡಿರೋ ಒಳ್ಳೆ ಆಟಗಾರನ್ನ ಹಿಡಿಯೋಕೆ ಇದೇ ಸಾಧನ.

ಇಲ್ಲಿಗೆ ನಿಲ್ಲಿಸಿದ್ರೆ ಅರ್ಧ ಕಥೆ. ಈಗ ಅದೇ ಸಂಖ್ಯೆಗಳನ್ನ 60 ನಿಮಿಷಕ್ಕೆ ಎಷ್ಟು ಅಂತ ತಿರುಗಿಸಿ, ಸೈಟಲ್ಲಿ ರೇಟ್ಸ್ ಅಂತ ಒತ್ತಿದ್ರೆ ತಾನೇ ಮಾಡ್ಕೊಡುತ್ತೆ. ಇವನಿದ್ದಾಗ ಟೀಮು ಗಂಟೆಗೆ 53 ಪ್ರಯತ್ನ ಮಾಡುತ್ತೆ, ಇಲ್ಲದಾಗ 45. ಭರ್ಜರಿ. ಎದುರಾಳಿ ಕಡೆ ನೋಡಿ, ಇವನಿದ್ದಾಗ ಗಂಟೆಗೆ ಸುಮಾರು 58, ಇಲ್ಲದಾಗ 55. ಗೊತ್ತಾಯ್ತಾ? ಈ ಮಹಾಶಯ ಐಸ್ ಮೇಲಿದ್ದಾಗ ಟೀಮು ಜಾಸ್ತಿ ಶಾಟ್ ತಿನ್ನುತ್ತೆ! ಅವನ ಬೆಲೆ ಪೂರ್ತಿ ಬರ್ತಿರೋದು ಅಟ್ಯಾಕಿಂದ, ಡಿಫೆನ್ಸ್‌ನಿಂದ ಅಲ್ಲ. ಅದು ತಪ್ಪೇನಲ್ಲ, ಒಟ್ಟಾರೆ ಟೀಮಿಗೆ ಲಾಭನೇ. ಆದ್ರೆ "ಕೋರ್ಸಿ ಚೆನ್ನಾಗಿದೆ, ಸೋ ಡಿಫೆನ್ಸ್ ಚೆನ್ನಾಗಿ ಮಾಡ್ತಾನೆ" ಅಂತ ಒಂದು ಗೋಲ್ ಲೀಡಲ್ಲಿರೋ ಕೊನೇ ಎರಡು ನಿಮಿಷಕ್ಕೆ ಇವನನ್ನ ಇಳಿಸಿದ್ರೆ ಎದೆ ಹಿಡ್ಕೊಂಡು ಕೂರ್ಬೇಕಾಗುತ್ತೆ.

ಹಂಗಾಗಿ ಯಾವ ಡಿಫೆನ್ಸ್‌ಮನ್ ಆದ್ರೂ ಮಾಡೋದು ಮತ್ತೆ ತಿನ್ನೋದು ಎರಡು ಕಾಲಂ ಬೇರೆ ಬೇರೆ ಬರ್ಕೊಳ್ಳಿ. ಯಾವತ್ತೂ ಕೂಡಿಸಿ ಒಂದು ಮಾಡ್ಬೇಡಿ.

5. ಎಲ್ಲಾ ಶಾಟೂ ಒಂದೇ ಅಲ್ಲ: ಎಕ್ಸ್‌ಜಿ

ಎಕ್ಸ್‌ಜಿ ಅಂದ್ರೆ ಎಕ್ಸ್‌ಪೆಕ್ಟೆಡ್ ಗೋಲ್ಸ್, ನಿರೀಕ್ಷಿತ ಗೋಲ್. ಪ್ರತಿ ಶಾಟಿಗೂ ಅದು ಗೋಲ್ ಆಗೋ ಸಾಧ್ಯತೆ ಎಷ್ಟು ಅಂತ ಒಂದು ಬೆಲೆ ಕಟ್ಟೋದು. ದೂರ, ಕೋನ, ಯಾವ ತರದ ಶಾಟು, ಗೋಲಿ ತಡೆದು ವಾಪಸ್ ಪುಟಿದ ಪಕ್‌ಗೆ ಹೊಡೆದದ್ದಾ (ಇದೇ ರೀಬೌಂಡ್), ಓಡಿ ಬಂದು ಹೊಡೆದದ್ದಾ, ಇವನ್ನೆಲ್ಲಾ ಹಳೇ ಸಾವಿರಾರು ಶಾಟಿನ ಜೊತೆ ಹೋಲಿಸಿ ಲೆಕ್ಕ ಹಾಕ್ತಾರೆ. ಬ್ಲೂ ಲೈನ್ ಹತ್ರದಿಂದ ಬೀಸಿದ್ದು 0.02 ಇರಬಹುದು, ನೆಟ್ ಮುಂದಿನ ರೀಬೌಂಡ್ 0.25.

ಡಿಫೆನ್ಸ್‌ಮನ್‌ಗೆ ಇದು ಯಾಕೆ ಮುಖ್ಯ ಅಂದ್ರೆ, ಕೆಲವರು ಬೇಕಂತಲೇ ದೂರದ ಶಾಟ್ ಬಿಡ್ತಾರೆ, ನೆಟ್ ಮುಂದಿನ ಜಾಗ ಮಾತ್ರ ಬಿಗಿಯಾಗಿ ಕಾಯ್ತಾರೆ. ಅಂಥವರ ಕೋರ್ಸಿ ಸಾಧಾರಣ ಇರುತ್ತೆ, 60 ನಿಮಿಷಕ್ಕೆ ತಿಂದ ಎಕ್ಸ್‌ಜಿ ಮಾತ್ರ ಚೆನ್ನಾಗಿರುತ್ತೆ. 5 ವರ್ಸಸ್ 5ರಲ್ಲಿ ಈ ನಂಬರು 2.5ರ ಆಸುಪಾಸು ಇದ್ರೆ ಸಾಧಾರಣ, 2.2ಕ್ಕೆ ಇಳಿದ್ರೆ ಚೆನ್ನಾಗಿ ಕಾಯ್ತಿದ್ದಾರೆ ಅಂತ, 2.9 ಇದ್ರೆ ಮನೆ ಬಾಗಿಲು ತೆರೆದೇ ಇದೆ. ಸೀಸನ್‌ನಿಂದ ಸೀಸನ್‌ಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಆಚೀಚೆ ಆಗುತ್ತೆ, ಅದಕ್ಕೇ ಎರಡು ಸೈಟಿನ ಎಕ್ಸ್‌ಜಿ ತಂದು ಪಕ್ಕಪಕ್ಕ ಇಟ್ಟು ಹೋಲಿಸ್ಬೇಡಿ.

ಎಚ್ಚರಿಕೆ ಎರಡು. ಒಂದು, ಪಬ್ಲಿಕ್ ಮಾಡೆಲ್‌ಗಳಿಗೆ ಶಾಟ್‌ಗೆ ಮುಂಚಿನ ಪಾಸ್ ಕಾಣಲ್ಲ. ಎಡದಿಂದ ಬಲಕ್ಕೆ ನೆಟ್ ಮುಂದೆ ಅಡ್ಡ ಪಾಸ್ ಹೋಗಿ ಗೋಲಿ ಜಾರೋ ಅಷ್ಟರಲ್ಲಿ ಹೊಡೆದದ್ದೂ, ನಿಂತ ಗೋಲಿಗೆ ಅದೇ ಜಾಗದಿಂದ ಹೊಡೆದದ್ದೂ ಆ ಮಾಡೆಲ್‌ಗೆ ಹೆಚ್ಚುಕಮ್ಮಿ ಒಂದೇ. ಅಡ್ಡ ಪಾಸ್ ತಡೆಯೋದ್ರಲ್ಲೇ ಎತ್ತಿದ ಕೈ ಆಗಿರೋ ಡಿಫೆನ್ಸ್‌ಮನ್‌ಗೆ ಇಲ್ಲಿ ಪೂರ್ತಿ ಕ್ರೆಡಿಟ್ ಸಿಗಲ್ಲ. ಎರಡು, ಬ್ಲಾಕ್ ಆದ ಶಾಟ್‌ಗೆ ಎನ್‌ಎಚ್‌ಎಲ್ ಡೇಟಾದಲ್ಲಿ ಹೊಡೆದ ಜಾಗ ಇರಲ್ಲ, ಬ್ಲಾಕ್ ಆದ ಜಾಗ ಇರುತ್ತೆ, ಹಾಗಾಗಿ ಬಹುತೇಕ ಮಾಡೆಲ್ ಅವನ್ನ ಲೆಕ್ಕಕ್ಕೇ ತಗೊಳ್ಳಲ್ಲ.

6. ಗೋಲಿ ಪಾಪಾನ ಡಿಫೆನ್ಸ್‌ಮನ್ ತಲೆಗೆ ಕಟ್ಬೇಡಿ

ಆನ್ ಐಸ್ ಸೇವ್ ಪರ್ಸೆಂಟೇಜ್ ಅಂದ್ರೆ ಈ ಆಟಗಾರ ಐಸ್ ಮೇಲಿದ್ದಾಗ ಅವನ ಗೋಲಿ ಶೇಕಡ ಎಷ್ಟು ಶಾಟ್ ತಡೆದ ಅನ್ನೋದು. ಡಿಫೆನ್ಸ್‌ಮನ್ ಚೆನ್ನಾಗಿದ್ರೆ ಇದೂ ಏರ್ಬೇಕು ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ಒಂದು ವರ್ಷ ಚೆನ್ನಾಗಿದ್ದೋನಿಗೆ ಮುಂದಿನ ವರ್ಷ ಚೆನ್ನಾಗಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಮೇಲೆ ಕೆಳಗೆ ಕುಣೀತಾನೇ ಇರುತ್ತೆ. ಇದರ ಮೇಲೆ ಡಿಫೆನ್ಸ್‌ಮನ್ ಹಿಡಿತ ತುಂಬಾ ಕಮ್ಮಿ ಅಂತ ಸ್ಟ್ಯಾಟ್ಸ್ ಮಂದಿ ಬಹುತೇಕ ಒಪ್ಪಿರೋ ಮಾತು.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಆ 1250 ಪ್ರಯತ್ನದಲ್ಲಿ 650 ಗೋಲಿವರೆಗೂ ಹೋಗಿವೆ ಅನ್ನಿ. ಗೋಲಿ ಶೇ. 92 ತಡೆದ್ರೆ ತಿಂದದ್ದು 52 ಗೋಲು. 89.5 ತಡೆದ್ರೆ 68. ಡಿಫೆನ್ಸ್‌ಮನ್ ಒಂದು ಇಂಚೂ ಬೇರೆ ತರ ಆಡಿಲ್ಲ, ಪ್ಲಸ್ ಮೈನಸ್‌ನಲ್ಲಿ ಮಾತ್ರ 16 ವ್ಯತ್ಯಾಸ. ಒಬ್ಬನಿಗೆ ಕಾಂಟ್ರ್ಯಾಕ್ಟ್, ಇನ್ನೊಬ್ಬನಿಗೆ ಬೈಗುಳ.

ಇದನ್ನ ಹಿಡಿಯೋಕೆ ಪಿಡಿಓ ಅಂತ ಒಂದು ನಂಬರಿದೆ. ಅದು ಯಾವ ಪದಗಳ ಮೊದಲಕ್ಷರನೂ ಅಲ್ಲ, ಐಡಿಯಾ ಕೊಟ್ಟವನ ಇಂಟರ್ನೆಟ್ ಹೆಸರು ಅಷ್ಟೇ. ಆಟಗಾರ ಐಸ್ ಮೇಲಿದ್ದಾಗಿನ ಟೀಮಿನ ಶೂಟಿಂಗ್ ಶೇಕಡಾನೂ ಸೇವ್ ಶೇಕಡಾನೂ ಕೂಡಿಸೋದು, ಲೀಗ್ ಸರಾಸರಿ 100. (ಕೆಲವು ಸೈಟಲ್ಲಿ 1.000 ಅಂತಿರುತ್ತೆ.) 103 ಇರೋನ ಸೀಸನ್ ನೋಡಿ ಮರುಳಾಗ್ಬೇಡಿ, 97 ಇರೋನನ್ನ ನೋಡಿ ಮೂಗು ಮುರೀಬೇಡಿ. ಹೆಚ್ಚಿನ ಪಾಲು ಇವೆರಡೂ ನೂರರ ಕಡೆಗೇ ವಾಪಸ್ ಬರುತ್ತೆ.

7. ಯಾರ ಜೊತೆ, ಯಾರ ವಿರುದ್ಧ, ಎಲ್ಲಿಂದ

ಡಿಫೆನ್ಸ್‌ಮನ್‌ಗಳು ಜೋಡಿಯಾಗಿ ಆಡ್ತಾರೆ, ಹಾಗಾಗಿ ನಿಮ್ಮ ಮುಂದಿರೋ ನಂಬರು ಯಾವಾಗ್ಲೂ ಇಬ್ಬರದ್ದು. ಯಾರದ್ದು ಎಷ್ಟು ಅಂತ ಬಿಡಿಸೋ ಸರಳ ದಾರಿ ವಿತ್ ಆರ್ ವಿದೌಟ್ ಯೂ: ಇಬ್ಬರೂ ಜೊತೆಗಿದ್ದಾಗ ಎಷ್ಟು, ಅವನಿಲ್ಲದೆ ಇವನೊಬ್ಬನೇ ಇದ್ದಾಗ ಎಷ್ಟು, ಇವನಿಲ್ಲದೆ ಅವನು ಎಷ್ಟು. ನ್ಯಾಚುರಲ್ ಸ್ಟ್ಯಾಟ್ ಟ್ರಿಕ್‌ನ ಲೈನ್ ಟೂಲ್‌ನಲ್ಲಿ ಇಬ್ಬರ ಹೆಸರು ಹಾಕಿದ್ರೆ ಸಾಕು.

ಕ್ಯಾರೊಲೈನಾ ಹರಿಕೇನ್ಸ್‌ನ ಜೇಕಬ್ ಸ್ಲೇವಿನ್ ಇದಕ್ಕೆ ಒಳ್ಳೆ ಉದಾಹರಣೆ. ಡಗೀ ಹ್ಯಾಮಿಲ್ಟನ್ ಜೊತೆ ಆಡಿದ, ಆಮೇಲೆ ಟೋನಿ ಡಿಆಂಜೆಲೋ, ಆಮೇಲೆ ಬ್ರೆಂಟ್ ಬರ್ನ್ಸ್. ಮೂವರೂ ಅಟ್ಯಾಕ್‌ಗೆ ಹೆಸರಾದೋರು, ಮೂವರ ಜೊತೆಗೂ ಅವನ ಕೆಲಸ ಹಿಂದೆ ನಿಂತು ಬಾಗಿಲು ಕಾಯೋದು, ಮೂವರ ಜೊತೆಗೂ ಜೋಡಿ ಚೆನ್ನಾಗೇ ನಡೀತು. ಜೋಡಿ ಬದಲಾದ್ರೂ ಫಲಿತಾಂಶ ಬದಲಾಗ್ಲಿಲ್ಲ ಅಂದ್ರೆ ಸಾಮಾನ್ಯವಾಗಿ ಕಾರಣ ಬದಲಾಗದೇ ಇರೋನು. ಪಾಯಿಂಟ್ಸ್ ಕಮ್ಮಿ ಅಂತ ಅವನಿಗೆ ನಾರಿಸ್ ಸಿಕ್ಕಿಲ್ಲ, ಶಿಸ್ತಿನ ಆಟಕ್ಕೆ ಕೊಡೋ ಲೇಡಿ ಬಿಂಗ್ ಮಾತ್ರ 2021ರಲ್ಲೂ 2024ರಲ್ಲೂ ಸಿಕ್ತು. ನನ್ನ ಕೇಳಿದ್ರೆ ಇದು ವೋಟಿಂಗ್ ಸಮಸ್ಯೆ, ಅವನದಲ್ಲ.

ಉಲ್ಟಾ ಉದಾಹರಣೆ ಕೊಲರಾಡೊ ಟೀಮಿನ ಕೇಲ್ ಮಕಾರ್ ಮತ್ತೆ ಡೆವನ್ ಟೇವ್ಸ್. 2020ರಲ್ಲಿ ಟೇವ್ಸ್ ಬಂದಾಗಿನಿಂದ ಇಬ್ಬರೂ ಎಷ್ಟು ಹೊತ್ತು ಜೊತೆಗೇ ಆಡಿದ್ದಾರೆ ಅಂದ್ರೆ, ಬೇರೆ ಬೇರೆ ಇದ್ದ ನಿಮಿಷ ಅದರ ಮುಂದೆ ಚೂರೇ ಚೂರು. ಇಂಥ ಕಡೆ ಯಾವ ಲೆಕ್ಕವೂ ಇಬ್ಬರನ್ನ ಪೂರ್ತಿ ಬಿಡಿಸಲಾರದು, "ಮಕಾರ್‌ನಿಂದ ಟೇವ್ಸ್ ಚೆನ್ನಾಗಿ ಕಾಣ್ತಾನೆ" ಅಂತ ಘಂಟಾಘೋಷವಾಗಿ ಹೇಳೋರನ್ನ ಸ್ವಲ್ಪ ಅನುಮಾನದಿಂದಲೇ ನೋಡಿ.

ಝೋನ್ ಸ್ಟಾರ್ಟ್ ಅಂದ್ರೆ ಶಿಫ್ಟ್ (ಆಟಗಾರ ಒಂದು ಸಲ ಇಳಿದು ಐಸ್ ಮೇಲಿರೋ ಹೊತ್ತು) ಯಾವ ಕಡೆಯ ಫೇಸ್‌ಆಫಿಂದ (ಇಬ್ಬರ ಮಧ್ಯೆ ಪಕ್ ಬೀಳಿಸಿ ಆಟ ಮತ್ತೆ ಶುರು ಮಾಡೋದು) ಶುರುವಾಯ್ತು ಅನ್ನೋದು. "ಪಾಪ ಅವನಿಗೆ ಬರೀ ಡಿಫೆನ್ಸ್ ಝೋನ್ ಸ್ಟಾರ್ಟ್ ಕೊಡ್ತಾರೆ, ಅದಕ್ಕೇ ನಂಬರ್ ಕೆಟ್ಟದು" ಅನ್ನೋದು ಜನಪ್ರಿಯ ವಕಾಲತ್ತು. ಸ್ವಲ್ಪ ನಿಜ, ಆದ್ರೆ ಬಹುತೇಕ ಶಿಫ್ಟ್‌ಗಳು ಫೇಸ್‌ಆಫಿಂದ ಶುರುವಾಗೋದೇ ಇಲ್ಲ, ಆಟ ನಡೀತಿರುವಾಗಲೇ ಆಟಗಾರರು ಬೆಂಚಿಂದ ಹಾರಿ ಒಳಗೆ ಬರ್ತಾರೆ. ಹಾಗಾಗಿ ಇದರ ಪರಿಣಾಮ ನಾವಂದ್ಕೊಂಡಷ್ಟು ದೊಡ್ಡದಲ್ಲ. ಎದುರಾಳಿ ಯಾರು ಅನ್ನೋದಕ್ಕೂ ಇದೇ ಮಾತು: ಒಂದು ಸೀಸನ್ ಮುಗಿಯೋ ಹೊತ್ತಿಗೆ ಎಲ್ಲರೂ ಎಲ್ಲರ ಎದುರೂ ಅಷ್ಟೋ ಇಷ್ಟೋ ಆಡಿರ್ತಾರೆ, ವ್ಯತ್ಯಾಸ ಸಣ್ಣದಾಗ್ತಾ ಹೋಗುತ್ತೆ. ಜೋಡಿ ಯಾರು ಅನ್ನೋದು ಮಾತ್ರ ಸಣ್ಣದಾಗಲ್ಲ.

8. ರ್‍ಯಾಪ್ಮ್, ವಾರ್, ಇತ್ಯಾದಿ ಒಂದೇ ನಂಬರಿನ ಮಾಡೆಲ್‌ಗಳು

ಹಿಂದಿನ ಹಂತದ ಕೆಲಸನೆಲ್ಲಾ ಕಂಪ್ಯೂಟರ್‌ಗೆ ಕೊಟ್ರೆ ಬರೋದೇ ರ್‍ಯಾಪ್ಮ್. ಪ್ರತಿ ತುಣುಕು ಆಟದಲ್ಲೂ ಐಸ್ ಮೇಲೆ ಯಾರ್‍ಯಾರಿದ್ರು, ಏನಾಯ್ತು ಅಂತ ಸಾಲುಸಾಲಾಗಿ ಹಾಕಿ, ಜೊತೆಗಾರರು ಎದುರಾಳಿಗಳು ಸ್ಕೋರು ಝೋನು ಎಲ್ಲದರ ಪ್ರಭಾವ ಕಳೆದು ಒಬ್ಬೊಬ್ಬರ ಪಾಲು ಎಷ್ಟು ಅಂತ ಅಂದಾಜು ಮಾಡೋದು. ಡೇಟಾ ಕಮ್ಮಿ ಇರೋ ಆಟಗಾರನ್ನ ಸರಾಸರಿ ಕಡೆಗೆ ಎಳೆದು ಕೂರಿಸುತ್ತೆ, ಅದು ಬೇಕಂತಲೇ ಮಾಡಿರೋದು. ವಾರ್ ಅನ್ನೋದು ಅದನ್ನೂ ಪೆನಾಲ್ಟಿ, ಪವರ್ ಪ್ಲೇ ಇತ್ಯಾದಿನೂ ಸೇರಿಸಿ, ಸುಲಭವಾಗಿ ಸಿಗೋ ಒಬ್ಬ ಸಾದಾ ಬದಲಿ ಆಟಗಾರನಿಗಿಂತ ಇವನಿಂದ ಎಷ್ಟು ಗೆಲುವು ಜಾಸ್ತಿ ಬಂತು ಅಂತ ಹೇಳೋದು.

ಇವನ್ನ ಶುರುವಿನಲ್ಲಿ ನೋಡ್ಬೇಡಿ, ನೋಡಿದ್ರೆ ಉಳಿದಿದ್ದೇನೂ ನೋಡೋ ಮನಸ್ಸೇ ಬರಲ್ಲ. ಒಂದು ವರ್ಷದ್ದಲ್ಲ, ಮೂರು ವರ್ಷದ್ದು ನೋಡಿ. ಅಟ್ಯಾಕ್ ಭಾಗದ ಅಂದಾಜು ಪರವಾಗಿಲ್ಲ, ಡಿಫೆನ್ಸ್ ಭಾಗದ್ದು ವರ್ಷದಿಂದ ವರ್ಷಕ್ಕೆ ಜಾಸ್ತಿ ಅಲ್ಲಾಡುತ್ತೆ. ಇಬ್ಬರ ಮಧ್ಯೆ 0.3 ವ್ಯತ್ಯಾಸ ಇದೆ ಅಂತ ಜಗಳಕ್ಕೆ ನಿಲ್ಲೋದು ಸುಮ್ನೆ ಟೈಮ್ ವೇಸ್ಟು.

9. ಬ್ಲೂ ಲೈನ್ ಹತ್ರ ಹೋಗಿ

ಶುರುವಿನಲ್ಲಿ ಹೇಳಿದ್ನಲ್ಲ, ಕೆಲಸ ಶಾಟ್‌ಗೆ ಮುಂಚೆ ಮುಗಿಯುತ್ತೆ ಅಂತ, ಅದನ್ನ ನೇರವಾಗಿ ಅಳೆಯೋ ಜಾಗ ಇದು. ಎದುರಾಳಿ ನಿಮ್ಮ ಝೋನ್‌ಗೆ ಎರಡು ತರ ಬರಬಹುದು. ಪಕ್ ಹಿಡ್ಕೊಂಡು ಅಥವಾ ಪಾಸ್ ಮಾಡ್ಕೊಂಡು ಬ್ಲೂ ಲೈನ್ ದಾಟಬಹುದು, ಇದು ಕಂಟ್ರೋಲ್ಡ್ ಎಂಟ್ರಿ. ಇಲ್ಲಾಂದ್ರೆ ಪಕ್‌ನ ಮೂಲೆಗೆ ಎಸೆದು ಹಿಂದೆ ಓಡಬಹುದು, ಇದು ಡಂಪ್. 2013ರಲ್ಲಿ ಎರಿಕ್ ಟಲ್ಸ್ಕಿ ಮತ್ತೆ ಜೊತೆಗಾರರು ಮ್ಯಾಚ್‌ಗಳನ್ನ ಕೂತು ಎಣಿಸಿ ತೋರಿಸಿದ್ದು ಏನಂದ್ರೆ, ಹಿಡ್ಕೊಂಡು ಬಂದಾಗ ಬೀಳೋ ಶಾಟು ಡಂಪ್ ಮಾಡಿದಾಗ ಬೀಳೋದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಟಲ್ಸ್ಕಿ ಕೆಮಿಸ್ಟ್ರಿ ಓದಿದೋರು, ಹವ್ಯಾಸಕ್ಕೆ ಹಾಕಿ ಬಗ್ಗೆ ಬರೀತಿದ್ರು, 2024ರಲ್ಲಿ ಕ್ಯಾರೊಲೈನಾದ ಜನರಲ್ ಮ್ಯಾನೇಜರ್ ಆದ್ರು.

ಕೋರಿ ಸ್ನೈಡರ್ ಅವರ ಆಲ್ ತ್ರೀ ಝೋನ್ಸ್ ಪ್ರಾಜೆಕ್ಟ್‌ನಲ್ಲಿ ಇಂಥ ಮೈಕ್ರೋಸ್ಟ್ಯಾಟ್ಸ್ ಅಂದ್ರೆ ಸೂಕ್ಷ್ಮ ಎಣಿಕೆಗಳು ಸಿಗುತ್ತೆ. ಆದ್ರೆ ನೀವೇ ಎಣಿಸೋದು ಒಳ್ಳೇದು, ಕಷ್ಟ ಏನಿಲ್ಲ. ಒಂದು ಮ್ಯಾಚ್ ಹಾಕಿ, ನಿಮ್ಮ ಡಿಫೆನ್ಸ್‌ಮನ್ ಬಿಟ್ಟು ಬೇರೆ ಯಾರನ್ನೂ ನೋಡ್ಬೇಡಿ, ಪಕ್‌ನೂ ನೋಡ್ಬೇಡಿ. ಅವನ ಕಡೆಗೆ ಯಾರಾದ್ರೂ ನುಗ್ಗಿದಾಗೆಲ್ಲಾ ಮೂರರಲ್ಲಿ ಒಂದು ಗೀಟು ಎಳೀರಿ: ಹಿಡ್ಕೊಂಡು ಬಂದ, ಡಂಪ್ ಮಾಡಿದ, ತಡೆದು ಕಿತ್ಕೊಂಡ.

ಏನು ನೋಡ್ಬೇಕು ಅಂತ ಹತ್ತಿರದಿಂದ ಹೇಳ್ತೀನಿ. ಎದುರಾಳಿ ವಿಂಗರ್ (ಬದಿಯಲ್ಲಿ ಆಡೋ ಫಾರ್ವರ್ಡ್) ಬೋರ್ಡ್ ಅಂದ್ರೆ ಐಸ್ ಸುತ್ತಲಿನ ಗೋಡೆ ಪಕ್ಕದಲ್ಲಿ ಫುಲ್ ಸ್ಪೀಡಲ್ಲಿ ಬರ್ತಿದ್ದಾನೆ, ನಮ್ಮವನು ಹಿಂದಕ್ಕೆ ಸ್ಕೇಟ್ ಮಾಡ್ತಾ ಅವನಿಗೆ ಮುಖ ಕೊಟ್ಟು ಇಳೀತಿದ್ದಾನೆ. ಇಬ್ಬರ ಮಧ್ಯೆ ಇರೋ ಅಂತರಕ್ಕೆ ಗ್ಯಾಪ್ ಅಂತಾರೆ. ಬ್ಲೂ ಲೈನ್ ಬರೋ ಹೊತ್ತಿಗೆ ಆ ಗ್ಯಾಪ್ ಒಂದು ಸ್ಟಿಕ್ ಉದ್ದಕ್ಕೆ ಬಂದು, ನಮ್ಮವನ ಸ್ಟಿಕ್ಕು ಐಸ್ ಮೇಲೆ ಮಲಗಿ ಒಳಗಿನ ಪಾಸ್ ದಾರಿ ಮುಚ್ಚಿದ್ರೆ, ವಿಂಗರ್‌ಗೆ ಉಳಿಯೋದು ಒಂದೇ ದಾರಿ, ಪಕ್‌ನ ಮೂಲೆಗೆ ಎಸೆಯೋದು. ನಮ್ಮವನು ಹೆದರಿ ಎರಡು ಹೆಜ್ಜೆ ಜಾಸ್ತಿ ಹಿಂದೆ ಸರಿದಿದ್ರೆ ವಿಂಗರ್ ಆರಾಮಾಗಿ ಲೈನ್ ದಾಟಿ, ಸಡನ್ನಾಗಿ ಬ್ರೇಕ್ ಹಾಕಿ, ಹಿಂದಿಂದ ಬರೋ ಮೂರನೇಯವನಿಗೆ ಪಾಸ್ ಕೊಡ್ತಾನೆ. ಟಿವಿಲಿ ಎರಡಕ್ಕೂ ಕಾಮೆಂಟೇಟರ್ ಏನೂ ಹೇಳಲ್ಲ. ಇಡೀ ಲೇಖನದ ತಿರುಳು ಆ ಎರಡು ಹೆಜ್ಜೆಲಿದೆ.

ಡಂಪ್ ಆದ ಮೇಲಿನದ್ದು ಇನ್ನರ್ಧ. ನಮ್ಮವನು ತಿರುಗಿ ಮೂಲೆಗೆ ಹೋಗ್ತಾನೆ, ಬೆನ್ನ ಹಿಂದೆ ಎದುರಾಳಿ ಬರ್ತಿದ್ದಾನೆ. ಪಕ್ ಮುಟ್ಟೋಕೆ ಮುಂಚೆ ಭುಜದ ಮೇಲಿಂದ ಒಂದೆರಡು ಸಲ ಹಿಂದೆ ತಿರುಗಿ ನೋಡಿದ್ನಾ? ಅದಾದ ಮೇಲೆ ಜೊತೆಗಾರನ ಸ್ಟಿಕ್‌ಗೆ ಪಾಸ್ ಹೋಯ್ತಾ, ತಾನೇ ಎತ್ಕೊಂಡು ಹೊರಬಂದ್ನಾ, ಇಲ್ಲಾ ಗ್ಲಾಸ್‌ಗೆ ಹೊಡೆದು ಎಲ್ಲಾದ್ರೂ ಹೋಗ್ಲಿ ಅಂತ ಬಿಟ್ನಾ? ಕೊನೇದು ಮಾಡಿದ್ರೆ ಪಕ್ ಹೊರಗೇನೋ ಹೋಯ್ತು, ಆದ್ರೆ ಸಿಗೋದು ಎದುರಾಳಿಗೇ, ಹತ್ತು ಸೆಕೆಂಡಲ್ಲಿ ಮತ್ತೆ ವಾಪಸ್. ಪ್ರತಿ ಸಲ ಇದನ್ನೇ ಮಾಡೋನ ಕೋರ್ಸಿ ಯಾಕೆ ಕೆಟ್ಟದಿದೆ ಅಂತ ಆಗ ಮೂರನೇ ಹಂತದ ನಂಬರಿಗೆ ಕಾರಣ ಸಿಗುತ್ತೆ.

10. ಉಳಿದ ಚಿಲ್ಲರೆ

ಪೆನಾಲ್ಟಿ: ಎಷ್ಟು ತಗೊಂಡ, ಎಷ್ಟು ಎದುರಾಳಿಯಿಂದ ಮಾಡಿಸ್ದ, ಎರಡರ ವ್ಯತ್ಯಾಸ ನೋಡಿ. ಪವರ್ ಪ್ಲೇ ಐದರಲ್ಲಿ ಒಂದು ಸಲ ಗೋಲ್ ಆಗುತ್ತೆ ಅಂತ ಇಟ್ಕೊಂಡ್ರೆ ಹತ್ತು ಅನಗತ್ಯ ಪೆನಾಲ್ಟಿ ಅಂದ್ರೆ ಎರಡು ಗೋಲು.

ಪೆನಾಲ್ಟಿ ಕಿಲ್, ಅಂದ್ರೆ ಒಬ್ಬ ಕಮ್ಮಿ ಇದ್ದಾಗ ಕಾಯೋ ಹೊತ್ತು. ಇಲ್ಲೂ 60 ನಿಮಿಷಕ್ಕೆ ತಿಂದ ಎಕ್ಸ್‌ಜಿ ಮಾತ್ರ ನೋಡಿ, ಗೋಲ್ ನೋಡ್ಬೇಡಿ. ನಿಮಿಷ ಕಮ್ಮಿ ಇರೋದ್ರಿಂದ ಒಂದು ವರ್ಷದ್ದನ್ನ ಜಾಸ್ತಿ ನಂಬ್ಬೇಡಿ.

ಪಾಯಿಂಟ್ಸ್‌ನಲ್ಲಿ ಗೋಲ್ ಮತ್ತೆ ಮೊದಲ ಅಸಿಸ್ಟ್ ಮಾತ್ರ ಎಣಿಸಿ. ಗೋಲ್‌ಗೆ ಹಿಂದಿನ ಹಿಂದಿನ ಪಾಸ್‌ಗೆ ಕೊಡೋ ಎರಡನೇ ಅಸಿಸ್ಟು ವರ್ಷದಿಂದ ವರ್ಷಕ್ಕೆ ತುಂಬಾ ಏರಿಳಿಯುತ್ತೆ. ಪವರ್ ಪ್ಲೇ ಪಾಯಿಂಟ್ಸ್ ಬೇರೆ ಇಡಿ. ಕಾರ್ಲ್‌ಸನ್ 2023ರಲ್ಲಿ ಪಿಟ್ಸ್‌ಬರ್ಗ್‌ಗೆ ಹೋದ ಮೊದಲ ಸೀಸನ್‌ಗೇ 101ರಿಂದ 56ಕ್ಕೆ ಇಳಿದ. ಆಟ ಅರ್ಧಕ್ಕೆ ಕುಸಿದಿರಲಿಲ್ಲ, ಎಲ್ಲಾ ಪಕ್ಕೂ ಅವನ ಮೂಲಕನೇ ಹೋಗೋ ಟೀಮಿಂದ ಹಂಚ್ಕೊಂಡು ಆಡೋ ಟೀಮಿಗೆ ಬಂದಿದ್ದ.

ಎನ್‌ಎಚ್‌ಎಲ್ ಎಡ್ಜ್ ಅಂತ 2023ರಲ್ಲಿ ಲೀಗ್ ತಾನೇ ಒಂದು ಸೈಟ್ ತೆರೀತು, ಸ್ಕೇಟಿಂಗ್ ಸ್ಪೀಡು, ಎಷ್ಟು ದೂರ ಓಡಿದ, ಯಾವ ಝೋನಲ್ಲಿ ಎಷ್ಟು ಹೊತ್ತು ಇದೆಲ್ಲಾ ಇದೆ. ನೋಡೋಕೆ ಮಜಾ. ಸ್ಪೀಡ್ ಇರೋನು ಗ್ಯಾಪ್ ಚೆನ್ನಾಗಿ ಹಿಡೀತಾನೆ ಅಂತೇನಿಲ್ಲ.

11. ಒಂದು ಪುಟದಲ್ಲಿ ಬರೆದಿಡಿ

ಸ್ಪ್ರೆಡ್‌ಶೀಟಲ್ಲಿ ಒಬ್ಬ ಆಟಗಾರನಿಗೆ ಒಂದು ಸಾಲು: ನಿಮಿಷ, ಮಾಡಿದ ಮತ್ತೆ ತಿಂದ ಪ್ರಯತ್ನ 60ಕ್ಕೆ, ಎಕ್ಸ್‌ಜಿ ಎರಡೂ ಕಡೆ, ರಿಲೇಟಿವ್, ಪಿಡಿಓ, ಮುಖ್ಯ ಜೋಡಿ ಯಾರು, ಅವನಿಲ್ಲದೆ ಎಷ್ಟು, ನಿಮ್ಮ ಬ್ಲೂ ಲೈನ್ ಗೀಟುಗಳು. ಹೋಲಿಸುವಾಗ ಅದೇ ಕೆಲಸ ಮಾಡೋರ ಜೊತೆ ಹೋಲಿಸಿ, 24 ನಿಮಿಷ ಆಡೋ ಮೊದಲ ಜೋಡಿಯವನನ್ನ 15 ನಿಮಿಷದ ಮೂರನೇ ಜೋಡಿಯವನ ಪಕ್ಕ ಇಡ್ಬೇಡಿ. ಮೂರನೇ ಜೋಡಿಲಿ ನಂಬರ್ ಹೊಳೆಯೋರು ಎಷ್ಟೋ ಜನ ಮೇಲೆ ತಂದ ತಕ್ಷಣ ಮಂಕಾಗ್ತಾರೆ, ಕೋಚ್ ಅವರನ್ನ ಅಲ್ಲಿಟ್ಟಿದ್ದಕ್ಕೆ ಕೆಲವು ಸಲ ಕಾರಣನೇ ಇರುತ್ತೆ.

ನಂಬರ್ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದ್ರೆ? ಮೊದಲು ಪಿಡಿಓ ನೋಡಿ, ಅರ್ಧ ಸಲ ಅಲ್ಲೇ ಉತ್ತರ ಸಿಗುತ್ತೆ, ತಿಂದ ಗೋಲುಗಳು ಕಣ್ಣಿಗೆ ಅಂಟ್ಕೊಂಡಿರುತ್ತೆ ಅಷ್ಟೇ. ಅಲ್ಲೂ ಸಿಗದಿದ್ರೆ ಜೋಡಿ ನೋಡಿ. ಅದಾದ್ಮೇಲೂ ತಾಳೆ ಆಗ್ಲಿಲ್ಲ ಅಂದ್ರೆ ಆ ಸಾಲಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿ ಇನ್ನೊಂದು ಇಪ್ಪತ್ತು ಮ್ಯಾಚ್ ಬಿಟ್ಟು ವಾಪಸ್ ಬನ್ನಿ. ನನ್ನ ಶೀಟಲ್ಲಿ ಈಗ ಅಂಥವು ಒಂಬತ್ತಿವೆ.